ನೇರ ಬಸ್ಸು ಮತ್ತು ಅವ್ವನ ಕರಡಿಗೆ

ಅವ್ವನ ಕೊರಳಲ್ಲಿ ಲಿಂಬೆಹಣ್ಣಿನಷ್ಟು ದಪ್ಪನೆಯ ಒಂದು ಬೆಳ್ಳಿ ಕರಡಿಗೆ ಇದೆ. ಅದರೊಳಗೆ ಅವಳ ಇಷ್ಟಲಿಂಗ. ಮುರುಮ ಎಂಬ ಊರಿನ ಪತ್ತಾರನೊಬ್ಬ, ಅಂದರೆ ಅಕ್ಕಸಾಲಿ, ಅಜ್ಜಿಯ ಸೊಂಟದ ಡಾಬು ಕರಗಿಸಿ ಅಂಥವು ಎರಡು ಮಾಡಿಕೊಟ್ಟಿದ್ದನಂತೆ. ಒಂದು ಅವ್ವನಿಗೆ, ಇನ್ನೊಂದು ಅವಳ ತಂಗಿಗೆ, ಅಂದರೆ ನನ್ನ ಚಿಗವ್ವನಿಗೆ. ಇಬ್ಬರಿಗೂ ಲಿಂಗ ಕಟ್ಟಿದ್ದು ಒಂದೇ ದಿನ. ಅವರ ತವರು ಸಾಸ್ತೂರ. ಭೂಕಂಪದಲ್ಲಿ ಆ ಮನೆ ಬಿತ್ತು, ಒಳಗೆ ಮಲಗಿದ್ದ ಅಜ್ಜ ಅಜ್ಜಿ ಅದರಡಿಯಲ್ಲೇ ಉಳಿದರು. ಆಮೇಲೆ ಸರ್ಕಾರ ಹೊಸ ಊರು ಕಟ್ಟಿಸಿಕೊಟ್ಟಿತು, ಸಾಲುಮನೆ, ಅಗಲ ರಸ್ತೆ, ಎಲ್ಲ ಆಯಿತು. ಆದರೆ ಅವ್ವ ಅಲ್ಲಿಗೆ ಹೋದಾಗಲೆಲ್ಲ ತಾನು ಹುಟ್ಟಿದ ಮನೆ ಎಲ್ಲಿತ್ತು ಎಂದು ನನಗೆ ತೋರಿಸಲಾಗದೆ ಸುಮ್ಮನೆ ನಿಂತುಬಿಡುತ್ತಿದ್ದಳು. ತವರಿನಿಂದ ಅಕ್ಕತಂಗಿಯರಿಗೆ ಉಳಿದದ್ದು ಕೊರಳಲ್ಲಿದ್ದ ಆ ಎರಡು ಕರಡಿಗೆ ಮಾತ್ರ.

ನನ್ನ ಅಪ್ಪ ಗುಂಜೋಟಿಯಲ್ಲಿ ಅಯ್ಯನವರಾಗಿದ್ದ. ಸುತ್ತಲಿನ ಒಕ್ಕಲುತನದ ಮನೆಗಳಲ್ಲಿ ಕೂಸು ಹುಟ್ಟಿದರೆ ಲಿಂಗ ಕಟ್ಟಲು ಅವನೇ ಹೋಗಬೇಕು. ಯಾರಾದರೂ ತೀರಿಕೊಂಡರೆ ಅವರ ಲಿಂಗವನ್ನು ಅವರದೇ ಎಡಗೈಯಲ್ಲಿಟ್ಟು ಮಣ್ಣಿಗೆ ಕಳಿಸಲೂ ಅವನೇ ಹೋಗಬೇಕು. ಆ ಎರಡು ದಿನಗಳ ನಡುವೆ ಲಿಂಗ ಮೈಬಿಟ್ಟು ಇಳಿಯಕೂಡದು ಎಂಬುದು ನಮ್ಮಲ್ಲಿಯ ನೇಮ. ಪೂಜೆಯ ಹೊತ್ತಿಗೆ ಎದೆಯಿಂದ ಅಂಗೈಗೆ ಬರುತ್ತದೆ, ಮುಗಿದ ಮೇಲೆ ಅಂಗೈಯಿಂದ ಎದೆಗೆ ಹೋಗುತ್ತದೆ, ಅಷ್ಟೇ ಅದರ ಪ್ರಯಾಣ. ಎಲ್ಲಿಯಾದರೂ ಕಳೆದುಹೋದರೆ ಸಿಗುವ ತನಕ ಊಟವಿಲ್ಲ. ಒಕ್ಕಲಿನ ಮನೆಯವರು ಇದರಲ್ಲಿ ಅಷ್ಟಿಷ್ಟು ಸಡಿಲ ಮಾಡಿಕೊಂಡಿದ್ದರು. ಆದರೆ ಅಯ್ಯನವರ ಮನೆಯಲ್ಲೇ ಸಡಿಲವಾದರೆ ಹೇಗೆ ಎಂದು ಅವ್ವ ಇನ್ನಷ್ಟು ಬಿಗಿಯಾಗಿದ್ದಳು.

ಅಪ್ಪ ತೀರಿದ ಮೇಲೆ ಅವ್ವ ಉಮರ್ಗಾದಲ್ಲಿ ನನ್ನ ಜೊತೆಗೇ ಇದ್ದಾಳೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ನನಗೆ ಬೆಳ್ಳಿ ಗಿಳ್ಳಿ ಇಲ್ಲ, ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಅದು ಅಲ್ಲಾಡದಂತೆ ನನ್ನ ಪ್ರತಿಯೊಂದು ರವಿಕೆಯ ಒಳಗೂ ಒಂದು ಪುಟ್ಟ ಕಿಸೆ ಹೊಲಿದುಕೊಂಡಿದ್ದೇನೆ. ಅವ್ವನಿಗೆ ಅದನ್ನು ಕಂಡರೆ ನಗು. "ದೇವರಿಗೂ ಖಿಸೆ ಮಾಡೀದಿ ಅಲ್ಲ, ಭಲೆ ಟೇಲರ್ ಇದ್ದಿ" ಎನ್ನುತ್ತಿದ್ದಳು.

ಚಿಗವ್ವನನ್ನು ನಿಲಂಗಾಕ್ಕೆ ಕೊಟ್ಟಿದ್ದರು. ಗಂಡ ಕೆಲಸ ಹುಡುಕಿಕೊಂಡು ದೊಡ್ಡ ಶಹರಕ್ಕೆ ಹೋದ, ಅವಳೂ ಹೋದಳು. ಮಗ ಸಣ್ಣವನಿದ್ದಾಗಲೇ ಗಂಡ ತೀರಿಕೊಂಡ. ಅವಳು ವಾಪಸು ಬರಲಿಲ್ಲ. ನಿಲಂಗಾ, ಉದಗೀರ, ಉಮರ್ಗಾದ ಕಡೆಯಿಂದ ಓದಲು, ದುಡಿಯಲು ಹೋದವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಗೋಧಿ ಚಪಾತಿ ತಿಂದು ಹೊಟ್ಟೆ ತುಂಬಿತೆಂದು ಒಪ್ಪದ ಮಂದಿ. ಅವರಿಗಾಗಿ ನಡೆಯುತ್ತಿದ್ದ ಒಂದು ಖಾನಾವಳಿಯಲ್ಲಿ ಚಿಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿ ಶಹರದ ಈ ತುದಿಯಲ್ಲಿ, ನಮ್ಮ ಕಡೆಯ ಬಸ್ಸುಗಳು ನಿಲ್ಲುವ ಸ್ಟ್ಯಾಂಡಿನ ಹತ್ತಿರ. ಅವಳ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಆ ತುದಿಯಲ್ಲಿ. ನಡುವೆ ಇಡೀ ಶಹರ. ಆದರೆ ಅದು ತೊಂದರೆ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ, ಏಕೆಂದರೆ ಒಂದು ಬಸ್ಸು ಇತ್ತು.

ಆ ಕೆಂಪು ಬಸ್ಸನ್ನು ನಾನೂ ಬಲ್ಲೆ. ಸ್ಟ್ಯಾಂಡಿನ ಎದುರು ಹತ್ತಿದರೆ ಚಿಗವ್ವನ ಗಲ್ಲಿಯ ಬಾಯಿಗೆ ಇಳಿಸುತ್ತಿತ್ತು. ನಡುವೆ ಎದ್ದು ಬದಲಾಯಿಸುವುದಿಲ್ಲ, ಏನಿಲ್ಲ, ಒಂದೇ ಟಿಕೆಟ್ಟು. ಗಡಗಡ ಸಪ್ಪಳ ಮಾಡುತ್ತಿತ್ತು, ಕಿಟಕಿ ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ, ತೆಗೆದರೆ ಹಾಕಲು ಬರುತ್ತಿರಲಿಲ್ಲ. ಆದರೂ ಬರುತ್ತಿತ್ತು. ಚಿಗವ್ವ ಬೆಳಿಗ್ಗೆ ಅದರಲ್ಲಿ ಕೂತು ಅರ್ಧ ನಿದ್ದೆ ಮುಗಿಸುತ್ತಿದ್ದಳು. ಸಂಜೆ ವಾಪಸು ಹೋಗುವಾಗ ಬಸ್ಸಿನಲ್ಲೇ ಮೆಂತ್ಯಪಲ್ಯ ಸೋಸಿ ಮುಗಿಸುತ್ತಿದ್ದಳು. ಎಷ್ಟೋ ಕಂಡಕ್ಟರುಗಳು ಅವಳ ಕೈಯ ರೊಟ್ಟಿ ತಿಂದವರು.

ವರ್ಷಕ್ಕೊಮ್ಮೆ, ಹೊಸ ಜೋಳ ಬಂದ ಮೇಲೆ, ಅವ್ವ ತಂಗಿಯನ್ನು ನೋಡಲು ಹೋಗುತ್ತಿದ್ದಳು. ಒಂದು ಚೀಲ ಜೋಳ, ಒಂದು ಡಬ್ಬಿ ಶೇಂಗಾಹಿಂಡಿ, ಮತ್ತು ನಾನು. ನಮ್ಮದು ಮರಾಠಿ ಸೀಮೆಯ ಗಡಿಯ ಊರು, ಸ್ಟ್ಯಾಂಡಿಗೆ ಕರ್ನಾಟಕದ ಬಸ್ಸುಗಳೂ ಬರುತ್ತವೆ. ಗಡಿಯ ಆ ಕಡೆ ಅಲ್ಲಿಯ ಹೆಂಗಸರಿಗೆ ಟಿಕೆಟ್ಟೇ ಇಲ್ಲ, ಈ ಕಡೆ ನಮಗೆ ಅರ್ಧ. "ಮಾತು ಅವರದ, ಆಧಾರ್ ಕಾರ್ಡ್ ಇವರದ. ನಮ್ಮ ನಸೀಬಾಗ ಎಲ್ಲಾ ಅರ್ಧಾನೇ ಅದ ನೋಡು" ಎಂದು ಅವ್ವ ಪ್ರತಿ ಸಲವೂ ಅದೇ ಮಾತನ್ನು ಹೊಸದೆಂಬಂತೆ ಹೇಳುತ್ತಿದ್ದಳು. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಶಹರ. ಅಲ್ಲಿಂದ ಕೆಂಪು ಬಸ್ಸು. ಜೋಳದ ಚೀಲ ಸೀಟಿನ ಕೆಳಗೆ. ಚಿಗವ್ವ ಗಲ್ಲಿಯ ಬಾಯಿಗೇ ಬಂದು ನಿಂತಿರುತ್ತಿದ್ದಳು. ಇಬ್ಬರೂ ಅಪ್ಪಿಕೊಂಡಾಗ ಎರಡು ಕರಡಿಗೆ ಒಂದಕ್ಕೊಂದು ತಾಗಿ ಟಣ್ ಎನ್ನುತ್ತಿತ್ತು. ಆ ಸಪ್ಪಳಕ್ಕೆ ಇಬ್ಬರೂ ನಗುತ್ತಿದ್ದರು, ಆಮೇಲೆ ಅಳುತ್ತಿದ್ದರು. ನಾನು ಚೀಲ ಹೊತ್ತು ಕಾಯುತ್ತಾ ನಿಲ್ಲುತ್ತಿದ್ದೆ.

ಹೀಗಿರುವಾಗ ಆ ಊರಿಗೆ ಕಂಬದ ಮೇಲಿನ ರೈಲು, ಮೆಟ್ರೋ, ಬಂತು. ಬರುವ ಮೊದಲು ವರ್ಷಗಟ್ಟಲೆ ರಸ್ತೆ ಅಗೆದರು. ಕೆಂಪು ಬಸ್ಸು ಆ ತಗ್ಗುಗಳಲ್ಲಿ ಏಳುತ್ತ ಬೀಳುತ್ತ ಓಡಾಡಿತು. ಒಳ್ಳೆಯದೇ ಆಗುತ್ತಿದೆ ಎಂದು ನಾವೂ ಅಂದುಕೊಂಡೆವು. ಉಮರ್ಗಾಕ್ಕೆ ರೈಲೇ ಇಲ್ಲ, ರೈಲು ನೋಡಬೇಕಾದರೆ ನಾವು ಉದಗೀರಕ್ಕೆ ಹೋಗಬೇಕು. ಹಾಗಾಗಿ ರೈಲು ಎಂದರೆ ನಮಗೆ ಭಕ್ತಿ. ಅದು ಶುರುವಾದ ವರ್ಷ ಫೋನಿನಲ್ಲಿ ಫೋಟೋ ನೋಡಿ ನಾನೇ ಅವ್ವನಿಗೆ ತೋರಿಸಿದ್ದೆ, ನೋಡು, ನಿನ್ನ ತಂಗಿ ಇನ್ನು ವಿಮಾನದಲ್ಲಿ ಹೋದ ಹಾಗೆ ಹೋಗುತ್ತಾಳೆ ಎಂದು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ರೈಲೆಂಬ ಸೊಸೆ ಬಂದ ಮೇಲೆ ಬಸ್ಸೆಂಬ ಅತ್ತೆಗೆ ನೀರು ಹೊರುವ ಕೆಲಸ ಬಿತ್ತು. ಅಷ್ಟು ಹಣ ಸುರಿದು ಕಟ್ಟಿದ ರೈಲು ಖಾಲಿ ಓಡಬಾರದಲ್ಲ. ಅದಕ್ಕೆ, ರೈಲಿನ ಕೆಳಗೇ ಓಡುತ್ತಿದ್ದ ನೇರ ಬಸ್ಸನ್ನು ನಿಲ್ಲಿಸಿದರು. ಅದರ ಬದಲು ಎರಡೂ ತುದಿಯಲ್ಲಿ ಸಣ್ಣ ಸಣ್ಣ ಬಸ್ಸು ಬಿಟ್ಟರು. ಜನರನ್ನು ಸ್ಟೇಷನ್ನಿಗೆ ತಂದು ಸುರಿಯುವುದು, ಸ್ಟೇಷನ್ನಿನಿಂದ ಒಯ್ದು ಬಿಡುವುದು, ಅಷ್ಟೇ ಅವುಗಳ ಕೆಲಸ. ಒಂದು ಟಿಕೆಟ್ಟಿನ ದಾರಿಗೆ ಮೂರು ಟಿಕೆಟ್ಟಾಯಿತು. ಫೋನಿನಲ್ಲಿ ತೆಗೆದರೆ ದರದಲ್ಲಿ ಸೋಡಿ ಸಿಗುತ್ತದಂತೆ, ಚಿಗವ್ವನ ಫೋನಿಗೆ ಇದ್ದದ್ದು ಗುಂಡಿ ಮಾತ್ರ. ರೈಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತಂಪಾಗಿದೆ, ಚೊಕ್ಕವಾಗಿದೆ, ಹೇಳಿದ ಹೊತ್ತಿಗೆ ಬರುತ್ತದೆ. ಅದರ ದಾರಿ ಯಾರ ಮನೆಬಾಗಿಲಿಗೆ ಹೋಗುತ್ತದೋ ಅವರಿಗೆ ಅದು ವರ. ಒಂದನ್ನು ತರುವುದಕ್ಕೆ ಇನ್ನೊಂದನ್ನು ಯಾಕೆ ಕೊಲ್ಲಬೇಕಿತ್ತು ಎಂಬುದಷ್ಟೇ ನನ್ನ ಸಿಟ್ಟು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದಾದ ಮೇಲೆ ಚಿಗವ್ವ ಫೋನಿನಲ್ಲಿ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಈ ವರ್ಷ ಬರುತ್ತೇವೆ ಎಂದರೆ ಏನಾದರೂ ನೆವ ಹೇಳುವಳು. ಮಗನಿಗೆ ರಜೆ ಇಲ್ಲ, ಖೋಲಿಗೆ ಸುಣ್ಣ ಹಚ್ಚುತ್ತಿದ್ದಾರೆ, ನಲ್ಲಿಯಲ್ಲಿ ನೀರಿಲ್ಲ. "ಶಹರದ ಗಾಳಿ ಬಡದದ ಆಕಿಗಿ" ಎಂದು ಅವ್ವ ಮುನಿಸಿಕೊಂಡಳು. ಎರಡು ಸುಗ್ಗಿ ಹೀಗೇ ಹೋದವು. ಜೋಳದ ಚೀಲ ಮೂಲೆಯಲ್ಲೇ ನಿಂತು ಹುಳ ಹಿಡಿಯಿತು.

ಮೂರನೆಯ ವರ್ಷ ಚಿಗವ್ವನ ಮಗ ಫೋನು ಮಾಡಿದ. ತಾಯಿಗೆ ಕಾಲು ಬಾತಿವೆ, ಮೈಯಲ್ಲಿ ನೀರು ತುಂಬುತ್ತಿದೆ, ಕೆಲಸ ಬಿಟ್ಟು ಬಹಳ ದಿನವಾಯಿತು, ಡಾಕ್ಟರು ಸರಿಯಾಗಿ ಏನೂ ಹೇಳುತ್ತಿಲ್ಲ ಎಂದ. ಅವ್ವನ ಮುನಿಸು ಅಲ್ಲೇ ಕರಗಿತು. ಮರುದಿನ ಬೆಳಿಗ್ಗೆ ಹೊಸ ಜೋಳದ ಚೀಲ ಹೊತ್ತು ಹೊರಟೆವು.

ಸ್ಟ್ಯಾಂಡಿನಲ್ಲಿ ಇಳಿದು ಎಂದಿನಂತೆ ಎದುರಿಗೆ ಹೋಗಿ ನಿಂತ ಅವ್ವನನ್ನು ಕೈಹಿಡಿದು ರೈಲಿನ ಸ್ಟೇಷನ್ನಿಗೆ ಕರೆತಂದೆ. ಸರಿಯುವ ಮೆಟ್ಟಿಲಿಗೆ ಹೆದರಲಿಲ್ಲ ಅವಳು, ಸೆರಗು ಎತ್ತಿ ಸಿಕ್ಕಿಸಿಕೊಂಡು ಏರಿಬಿಟ್ಟಳು. ಮೇಲೆ ಹೆಂಗಸರಿಗೆ ಬೇರೆ ತಪಾಸಣೆ. ಪರದೆಯ ಹಿಂದೆ ಒಬ್ಬ ಹುಡುಗಿ ನಿಂತು ಎಲ್ಲರ ಮೈಮೇಲೂ ಒಂದು ಕೋಲು ಆಡಿಸುತ್ತಿದ್ದಳು. ನನ್ನ ರವಿಕೆಯ ಕಿಸೆಯ ಮೇಲೆ ಕೋಲು ಹಾಯಿತು, ಸುಮ್ಮನಿತ್ತು. ಅವ್ವನ ಎದೆಯ ಹತ್ತಿರ ಬಂದದ್ದೇ ಕುಂಯ್ ಎಂದಿತು. ಹುಡುಗಿ ಮರಾಠಿಯಲ್ಲಿ, ಅಜ್ಜೀ ಇದನ್ನು ತೆಗೆದು ಟ್ರೇದಲ್ಲಿಡಿ, ಮಷೀನಿನೊಳಗೆ ಹೋಗಿ ಆ ಕಡೆ ಬರುತ್ತದೆ ಎಂದಳು. ಸೌಮ್ಯವಾಗಿಯೇ ಹೇಳಿದಳು, ಅವಳ ತಪ್ಪೇನೂ ಇರಲಿಲ್ಲ.

"ಹಾ ಮಾಝಾ ದೇವ ಆಹೆ, ಬಾಯಿ" ಎಂದಳು ಅವ್ವ, ಇದು ನನ್ನ ದೇವರು ಎಂದು. ಎರಡೂ ಕೈಯಿಂದ ಕರಡಿಗೆಯನ್ನು ಮುಚ್ಚಿ ಹಿಡಿದಿದ್ದಳು.

ಹಾಗಾದರೆ ಇಲ್ಲೇ ಮುಚ್ಚಳ ತೆಗೆದು ತೋರಿಸಿ ಎಂದಳು ಹುಡುಗಿ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಅವ್ವನ ಕಿವಿಯಲ್ಲಿ, ಹೊರಗೆ ಹೋಗಿ ಲಿಂಗ ಅರಿವೆಯಲ್ಲಿ ಕಟ್ಟಿಕೋ, ಖಾಲಿ ಕರಡಿಗೆ ಟ್ರೇದಲ್ಲಿಡೋಣ ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕದ್ದು ಒಯ್ಲಾಕ ಇದೇನು ಗಾಂಜಾ ಏನು? ಉದಗೀರದಾಗ ರೈಲು ಹತ್ತೀನಿ ನಾ. ಒಬ್ಬರೂ ಕೊಳ್ಳಿಗಿ ಕೈ ಹಾಕಿಲ್ಲ. ಭೂಕಂಪದಾಗ ಮನಿ ಬಿತ್ತು, ಇದು ಬಿದ್ದಿಲ್ಲ. ಈ ರೈಲಿನ ಸಲುವಾಗಿ ತಗೀಲೇನು?"

ಹುಟ್ಟುಗುಣ ಸುಟ್ಟರೂ ಹೋಗದು. ತಿರುಗಿ ಮೆಟ್ಟಿಲಿಳಿದೇಬಿಟ್ಟಳು. ಆಟೋದವನು ಹೇಳಿದ ಬಾಡಿಗೆ ಕೇಳಿ, ಅದರಲ್ಲಿ ವರ್ಷದ ಜೋಳ ಬರುತ್ತದೆ ಎಂದು ಅವನನ್ನೂ ಕಳಿಸಿದಳು. ಒಂದು ಬಸ್ಸು, ಇಳಿದು ಇನ್ನೊಂದು, ಅಲ್ಲಿಂದ ಯಾರನ್ನೋ ಕೇಳಿ ಮತ್ತೊಂದು. ಪ್ರತಿಯೊಂದೂ ಯಾವುದೋ ಸ್ಟೇಷನ್ನಿನ ಮುಂದೆ ನಿಂತು, ಇಳಿಯಿರಿ ಎನ್ನುತ್ತಿತ್ತು. ಜೋಳದ ಚೀಲ ಹತ್ತಿಸಿ ಇಳಿಸಿ ನನ್ನ ಹೆಗಲು ಬಿದ್ದುಹೋಯಿತು. ಗಲ್ಲಿಯ ಬಾಯಿಗೆ ಮುಟ್ಟುವಷ್ಟರಲ್ಲಿ ದೀಪ ಹತ್ತಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ.

ಚಿಗವ್ವ ಒಳಗೆ ಮಂಚದ ಮೇಲಿದ್ದಳು. ಮುಖ ಊದಿ ಗುರುತು ಸಿಗದಂತಾಗಿತ್ತು. ಅವ್ವ ಬಾಗಿ ಅವಳನ್ನು ಅಪ್ಪಿಕೊಂಡಳು. ಸಪ್ಪಳವಾಗಲಿಲ್ಲ. ನನಗೇ ಅದು ತಿಳಿಯಿತೆಂದ ಮೇಲೆ ಅವ್ವನಿಗೆ ತಿಳಿಯದೆ ಇರುತ್ತದೆಯೇ? ಅವಳು ಎದ್ದು ಕೂತು ತಂಗಿಯ ಕೊರಳನ್ನು ಮುಟ್ಟಿ ನೋಡಿದಳು.

"ತಂಗಿ, ಕರಡಿಗಿ ಎಲ್ಲಿ ಅದ?"

ಚಿಗವ್ವ ಮೂಲೆಯ ದೇವರ ಜಗಲಿಯ ಕಡೆ ನೋಡಿದಳು. ದೇವರ ಫೋಟೋಗಳ ಮುಂದೆ, ಒಂದು ಬಟ್ಟಲಿನಲ್ಲಿ, ಕರಡಿಗೆ ಇತ್ತು. ಬೆಳ್ಳಿ ಕಪ್ಪಾಗಿತ್ತು.

"ಬೈಬ್ಯಾಡ ಅಕ್ಕಾ. ಬಸ್ ನಿಂತ ಮ್ಯಾಲ ರೈಲಿಗೇ ಹೋಗಬೇಕಾಯ್ತು. ತಡಾ ಆದರ ರೊಟ್ಟಿಗಿ ಬ್ಯಾರೆಯಾಕಿನ್ನ ಹಚ್ಚತಾರ. ಮೊದಲ ಅರಿವ್ಯಾಗ ಕಟಗೊಂಡು ಹೋದೆ. ಗೇಟಿನಾಗ ದಿನಾ ಒಬ್ಬಾಕಿ ಬ್ಯಾರೆ ಇರತಾಳ. ಒಬ್ಬಾಕಿ ಬಿಟ್ಟರ ಇನ್ನೊಬ್ಬಾಕಿ ಕೈಗಿ ಹತ್ತತದ, ಬಿಚ್ಚಿ ತೋರಸು ಅಂತಾಳ. ಕಾಲಾಗ ಚಪ್ಪಲ್, ಸುತ್ತ ಮಂದಿ, ಹ್ಯಾಂಗ ಬಿಚ್ಚಲಿ? ಅದಕ್ಕ ಜಗಲಿ ಮ್ಯಾಲ ಇಟ್ಟು ಹೋಗತಿದ್ದೆ. ಸಂಜಿಗಿ ಬಂದು ಕಟಗೊಳ್ಳತಿದ್ದೆ. ಆಮ್ಯಾಲ ದಣಿದು ಬಂದು ಹಂಗೇ ಮಲಗತಿದ್ದೆ. ಆಮ್ಯಾಲ ಮುಟ್ಟಲಾಕೇ ಅಂಜಿಕಿ ಆಯ್ತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದರ ನೀ ನನ್ನ ಮನ್ಯಾಗ ನೀರೂ ಕುಡೀತಿದ್ದಿಲ್ಲ ಅಂತ."

ಎರಡು ವರ್ಷದ ನೆವಗಳೆಲ್ಲ ಏನೆಂದು ಆಗ ತಿಳಿಯಿತು. ಅವ್ವ ಎದ್ದಳು. ಕೈಕಾಲು ತೊಳೆದು ಬಂದಳು. ತಂಗಿಯ ಲಿಂಗವನ್ನು ತೊಳೆದು ವಿಭೂತಿ ಹಚ್ಚಿ, ಕರಡಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಹೊಸ ದಾರ ಹಾಕಿ, ತಂಗಿಯ ಕೊರಳಿಗೆ ಕಟ್ಟಿದಳು. ಆಮೇಲೆ ಅವಳ ಮನೆಯ ನೀರು ತರಿಸಿ, ಅವಳ ಎದುರಿಗೇ ಕೂತು ಇಡೀ ತಂಬಿಗೆ ಕುಡಿದಳು. ಚಿಗವ್ವ ಅತ್ತಳು. ನಾನೂ ಅತ್ತೆ.

ಮರುದಿನ ಹೊರಡುವ ಹೊತ್ತಿಗೆ ಚಿಗವ್ವ ಅವ್ವನ ಕೈ ಬಿಡಲಿಲ್ಲ.

"ಒಂದು ಮಾತು ಕೊಡು ಅಕ್ಕಾ. ನಾ ಹೋದಾಗ ಇದನ್ನ ನನ್ನ ಕೈಯಾಗ ನೀನೇ ಇಡಬೇಕು. ಅಯ್ಯನೋರು ಬ್ಯಾಡ. ನಾನಾಗೇ ಮೈ ಬಿಡಿಸೀನಿ ಇದಕ್ಕ. ಎಂದೂ ಬಿಡಿಸಲಾರದ ಕೈ ಇಟ್ಟರ ಒಪಗೊಂಡೀತು."

"ನಾನೇ ಇಡತೀನಿ. ನೀ ಸುಮ್ಮ ಗಟ್ಟಿ ಆಗು" ಎಂದಳು ಅವ್ವ.

ಉಮರ್ಗಾಕ್ಕೆ ಬಂದ ಮೇಲೆ ಅವ್ವ ಪ್ರತಿ ಸೋಮವಾರ ತಂಗಿಯ ಹೆಸರಿನಲ್ಲಿ ಒಂದು ಹೊತ್ತಿನ ಊಟ ಬಿಟ್ಟಳು. ಫೋನಿನಲ್ಲಿ ದಿನವೂ ಕೇಳುವ ಮೊದಲ ಮಾತು ಒಂದೇ, ಕೊಳ್ಳಾಗ ಅದನೇ? ಅದ ಅಕ್ಕಾ, ಎನ್ನುತ್ತಿದ್ದಳು ಚಿಗವ್ವ. ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಒಬ್ಬಳು, ನಮ್ಮ ಕಡೆಗೂ ರೈಲು ಬಂದರೆ ಎಷ್ಟು ಚಲೋ ಎಂದಾಗ, ಬರಲಿ, ಆದರೆ ಮುರುಮದ ಬಸ್ಸು ಇರಲಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಮಳೆ ಹಿಡಿಯುವ ಮೊದಲೇ ಚಿಗವ್ವ ತೀರಿಕೊಂಡಳು. ಮಗ ನಸುಕಿನಲ್ಲಿ ಫೋನು ಮಾಡಿದ. ಹೊತ್ತು ಮುಳುಗುವ ಮೊದಲು ಮಣ್ಣು ಮಾಡಲೇಬೇಕು, ಹಿರಿಯರು ಹೆಚ್ಚು ಕಾಯುವುದಿಲ್ಲ, ಆದರೆ ದೊಡ್ಡವ್ವ ಬರುವ ತನಕ ಕರಡಿಗೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದ. ಸಿಕ್ಕ ಮೊದಲ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಬಿಸಿಲು ಎಲ್ಲಿದೆ ಎಂದು ಕಿಟಕಿಯಿಂದ ನೋಡುತ್ತಲೇ ಇದ್ದಳು.

ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲು ವಾಲಿತ್ತು. ರಸ್ತೆಯಲ್ಲಿ ರೈಲಿನ ಎರಡನೆಯ ದಾರಿಗೆ ಕಂಬ ನೆಡುತ್ತಿದ್ದರು. ಗಾಡಿಗಳು ನಿಂತಲ್ಲೇ ನಿಂತಿದ್ದವು. ಈ ಸಲ ಬಾಡಿಗೆಯ ಮಾತೇ ಆಡದೆ ಆಟೋದವನನ್ನು ಕರೆದೆ. ಅವನು ತಲೆಯಾಡಿಸಿದ. ಸಂಜೆಯ ತನಕ ಮುಟ್ಟುವುದಿಲ್ಲ, ರೈಲಿಗೆ ಹೋಗಿ ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ. ನಾನು ಅವ್ವನ ಮುಖ ನೋಡಲಿಲ್ಲ. ಅವಳೇ ಮುಂದೆ ನಡೆದಳು, ರೈಲಿನ ಮೆಟ್ಟಿಲಿನ ಕಡೆಗೆ.

ಪರದೆಯ ಹಿಂದೆ ಆ ದಿನ ಬೇರೊಬ್ಬಳಿದ್ದಳು. ಅವಳು ಕೋಲು ಎತ್ತುವ ಮೊದಲೇ ಅವ್ವ ಚಪ್ಪಲಿ ಬಿಟ್ಟು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈ ಎತ್ತಿ, ದಾರ ಬಿಚ್ಚಿ ಕೊರಳಿನಿಂದ ಕರಡಿಗೆಯನ್ನು ತೆಗೆದಳು. ನಾನು ಹುಟ್ಟಿದಾಗಿನಿಂದ ಆ ಕೊರಳನ್ನು ಖಾಲಿ ನೋಡಿರಲಿಲ್ಲ. ದಾರ ಇದ್ದ ಕಡೆ ಬಿಳಿಯ ಗೆರೆ ಬಿದ್ದಿತ್ತು. ಟ್ರೇಯ ಮೇಲೆ ತನ್ನ ಕರವಸ್ತ್ರ ಹಾಸಿ, ಅದರ ಮೇಲೆ ಕರಡಿಗೆ ಇಟ್ಟಳು. ಪಟ್ಟಿ ಸರಿಯಿತು. ಯಾರದೋ ಊಟದ ಡಬ್ಬಿ, ಯಾರದೋ ಹೆಲ್ಮೆಟ್ಟು, ನಡುವೆ ಅವ್ವನ ಲಿಂಗ, ಒಂದರ ಹಿಂದೊಂದು ಮಷೀನಿನ ರಬ್ಬರು ಪರದೆಯೊಳಗೆ ಹೋದವು.

"ಆ ಕಡಿ ಬರತದಲ್ಲ?" ಎಂದು ನನ್ನನ್ನು ಕೇಳಿದಳು. ಮಗುವಿನ ಹಾಗೆ ಕೇಳಿದಳು. ಬರುತ್ತದೆ ಎಂದೆ. ಬಂತು. ತೆಗೆದುಕೊಂಡು ಕಟ್ಟಿಕೊಳ್ಳಲು ಹೋದರೆ ಗಂಟು ಎರಡು ಸಲ ಜಾರಿತು. ನಾನೇ ಕಟ್ಟಿದೆ.

ಇಳಿದು ಸಣ್ಣ ಬಸ್ಸು ಹಿಡಿದು ಮುಟ್ಟಿದಾಗ ಹೊತ್ತು ಇನ್ನೂ ಉಳಿದಿತ್ತು. ಚಿಗವ್ವನನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ. ಜನ ಎದ್ದು ದಾರಿ ಬಿಟ್ಟರು. ಮಗ ಕರಡಿಗೆಯಿಂದ ತೆಗೆದ ಲಿಂಗವನ್ನು ಬಿಲ್ವಪತ್ರೆಯ ಮೇಲಿಟ್ಟು ಅವ್ವನ ಮುಂದೆ ಹಿಡಿದ. ಅವ್ವ ತಂಗಿಯ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಇನ್ನೊಂದು ಕೈ ಲಿಂಗದ ತನಕ ಹೋಗಿ ನಿಂತಿತು. ಹೊರಗೆ ಯಾರೋ ಹೊತ್ತಾಯಿತು ಎಂದರು. ಅವ್ವ ಅಲುಗಲಿಲ್ಲ. ಏನಾಗುತ್ತಿದೆ ಎಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಎಂದೂ ಬಿಡಿಸದ ಕೈ ಇಡಲಿ ಎಂದು ತಂಗಿ ಕೇಳಿದ್ದಳು. ಆ ಕೈ ಇಲ್ಲಿಗೆ ಬಂದು ಮುಟ್ಟಬೇಕಾದರೆ ಬಿಡಿಸಿಯೇ ಬರಬೇಕಾಯಿತು.

ಅವ್ವ ನನ್ನ ಕಡೆ ತಿರುಗಿದಳು.

"ನಿಂದು ಎಂದೂ ಮೈಬಿಟ್ಟು ತಗದಿಲ್ಲಲ್ಲ?"

"ಇಲ್ಲವ್ವಾ."

"ಅಲ್ಲಿ ಗೇಟಿನಾಗೂ?"

"ಇಲ್ಲ. ಖಿಸೆದಾಗೇ ಇತ್ತು."

"ಹಂಗಾರ ನೀ ಇಡು."

ನಾನು ಇಟ್ಟೆ. ಚಿಗವ್ವನ ಅಂಗೈ ತಣ್ಣಗಿತ್ತು, ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. ಅವ್ವ ಆ ಕೈಯ ಕೆಳಗೆ ತನ್ನ ಎರಡೂ ಕೈ ಹಿಡಿದಿದ್ದಳು, ಬೆರಳು ಮಡಿಚಿದವಳೂ ಅವಳೇ. ಖಾಲಿಯಾದ ಬೆಳ್ಳಿ ಕರಡಿಗೆಯನ್ನು ಮಗ ಅವ್ವನಿಗೆ ಕೊಡಲು ಬಂದ. ಅವಳು ಬೇಡವೆಂದಳು, ತಾಯಿಯ ಜೊತೆಗೇ ಹೋಗಲಿ ಎಂದಳು.

ಮರುದಿನ ವಾಪಸು ಹೊರಟಾಗ ರೈಲಿಗೆ ಹೋಗಲಿಲ್ಲ. ಅವಸರವೇನೂ ಇರಲಿಲ್ಲವಲ್ಲ. ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಲೇ, "ನಂದೂ ನೀನೇ ಇಡಬೇಕು ನೋಡು" ಎಂದಳು. ಆಯಿತು ಎಂದೆ. ಕೈ ತಾನಾಗಿ ರವಿಕೆಯ ಕಿಸೆಯ ಮೇಲೆ ಹೋಯಿತು. ಬಸ್ಸು ಒಂದು ಸ್ಟೇಷನ್ನಿನ ಮುಂದೆ ನಿಂತಿತು. ಇದು ಇಲ್ಲಿಗೇ ಮುಗಿಯಿತು, ಮುಂದೆ ಹೋಗುವುದಿಲ್ಲ, ಇಳಿಯಿರಿ ಎಂದ ಕಂಡಕ್ಟರ್. ನಾನು ಮೊದಲು ಇಳಿದು ಅವ್ವನಿಗೆ ಕೈ ಕೊಟ್ಟೆ.